ವೆಲ್ಲಿಂಗ್ಟನ್ನಿನ ಇಳುಕಲು, ಭಾವನ ಪೆಟ್ರೋಲು

ಮೊದಲ ಕೆಂಪು ದೀಪ

ವೆಲ್ಲಿಂಗ್ಟನ್ನಿಗೆ ಬಂದಿಳಿದ ಮೇಲೆ ನಾನು ಮಾಡಲು ಹೊರಟ ಮೊದಲ ಕೆಲಸ ಕಾರು ತಳ್ಳುವುದು.

ವಿಮಾನ ನಿಲ್ದಾಣಕ್ಕೆ ಭಾವ ತಮ್ಮ ಟ್ಯಾಕ್ಸಿ ತಂದಿದ್ದರು. ಬೆಳ್ಳಿ ಬಣ್ಣದ್ದು, ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟದ್ದು. ಮೊದಲ ಕೆಂಪು ದೀಪದಲ್ಲಿ ನಿಂತೆವು. ಎಂಜಿನ್ನು ಸದ್ದಿಲ್ಲದೆ ಆರಿಹೋಯಿತು. ನಾನು ಬೆಲ್ಟ್ ಬಿಚ್ಚಿ ಬಾಗಿಲಿಗೆ ಕೈಹಾಕಿದೆ. ಹೊನ್ನಾವರದ ಬಂದರು ರಸ್ತೆಯಲ್ಲಿ ಟೆಂಪೊ ತಳ್ಳಿ ರೂಢಿಯಾದ ಕೈ, ಕೇಳುವ ಮೊದಲೇ ಹೊರಡುತ್ತದೆ.

"ಎಲ್ಲಿಗೆ ಹೊಂಟೆ?" ಎಂದರು ಭಾವ.

"ಬಂದ್ ಬಿತ್ತಲ್ಲ."

"ಬಂದ್ ಬೀಳ್ಲಿಲ್ಲ ಮಾರಾಯ್ತಿ, ಸುಮ್ನಾತು ಅಷ್ಟೆ. ಬೆಲ್ಟ್ ಹಾಕ್ಕೊ. ಮೊದಲ ದಿನವೇ ನನ್ನ ಲೈಸೆನ್ಸ್ ತೆಗೆಸ್ಬೇಡ."

ದೀಪ ಹಸಿರಾಯಿತು. ಎಂಜಿನ್ನು ಏಳಲಿಲ್ಲ, ಕಾರು ಮಾತ್ರ ಹೊರಟಿತು. ಅದಕ್ಕೆ ಪೆಟ್ರೋಲ್ ಎಂಜಿನ್ನಿನ ಜೊತೆಗೆ ಒಂದು ವಿದ್ಯುತ್ ಮೋಟಾರು, ಹಿಂದಿನ ಸೀಟಿನ ಬೆನ್ನಿಗೆ ಒಂದು ದೊಡ್ಡ ಬ್ಯಾಟರಿ. ಸಣ್ಣ ಓಟಕ್ಕೆ ಮೋಟಾರು ಸಾಕು, ಹೆಚ್ಚು ಬೇಕಾದಾಗ ಎಂಜಿನ್ನು ತಾನೇ ಎದ್ದು ಸೇರಿಕೊಳ್ಳುತ್ತದೆ. ಇಂಥದಕ್ಕೆ ಹೈಬ್ರಿಡ್ ಎನ್ನುತ್ತಾರೆ. ಓದಿ ಗೊತ್ತಿತ್ತು, ಕೂತು ಗೊತ್ತಿರಲಿಲ್ಲ.

ಅದು 2009ರ ಮೇ ರಜೆ. ನಾನು ಹೊನ್ನಾವರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅಕ್ಕ ನರ್ಸು; ಮಂಗಳೂರಿನಲ್ಲಿ ಕಲಿತು, ಕುವೈತಿನಲ್ಲಿ ದುಡಿದು, ಈಗ ನ್ಯೂಜಿಲೆಂಡಿನ ಆಸ್ಪತ್ರೆಯಲ್ಲಿದ್ದಾಳೆ. ಅವಳ ಹಿಂದೆ ಬಂದ ಭಾವ ಕುಮಟೆಯವರು. ಹನ್ನೊಂದು ವರ್ಷ ಕುಮಟಾ–ಶಿರಸಿ ದಾರಿಯಲ್ಲಿ ಪ್ಯಾಸೆಂಜರ್ ಟೆಂಪೊ ಓಡಿಸಿದವರು. ಒಂದೇ ಗಾಡಿಯಲ್ಲಿ ಬೇರೆ ಡ್ರೈವರುಗಳಿಗಿಂತ ಹೆಚ್ಚು ಮೈಲೇಜು ತೆಗೆಯುತ್ತಾರೆಂದು ಟೆಂಪೊ ಮಾಲೀಕರು ಅವರಿಗಾಗಿ ಜಗಳವಾಡುತ್ತಿದ್ದರಂತೆ. ಅದರ ಗುಟ್ಟು ಆ ದಾರಿಯಲ್ಲಿ ಓಡಾಡಿದವರಿಗೆಲ್ಲ ಗೊತ್ತು. ದೇವಿಮನೆ ಘಾಟಿಯ ತುದಿ ದಾಟಿದ ಕೂಡಲೇ ಗಾಡಿ ಗೇರು ಬಿಟ್ಟು ನ್ಯೂಟ್ರಲ್‌ಗೆ ಬೀಳುತ್ತದೆ. ಆಮೇಲೆ ಘಾಟಿ ಬುಡದ ಕತಗಾಲ ಹತ್ತಿರವಾಗುವ ತನಕ ಗಾಳಿಯ ಸದ್ದು ಮತ್ತು ಪ್ರಯಾಣಿಕರ ಮೌನ.

ವೆಲ್ಲಿಂಗ್ಟನ್ ಗುಡ್ಡಗಳ ಊರು. ಮೊದಲ ಇಳುಕಲಿನಲ್ಲಿಯೇ ಭಾವನ ಎಡಗೈ ಸ್ಟೇರಿಂಗ್ ಪಕ್ಕದ ಪುಟ್ಟ ಗೇರು ಕಡ್ಡಿಯನ್ನು ನ್ಯೂಟ್ರಲ್‌ಗೆ ಒತ್ತಿ ಹಿಡಿಯಿತು. ಪರದೆಯಲ್ಲಿ ಜಪಾನಿ ಅಕ್ಷರಗಳ ಒಂದು ಸಾಲು ಬಂತು.

"ಇದೆಂತ ಹೇಳ್ತದೆ?"

"ಯಾರಿಗೊತ್ತು. ಪ್ರತಿ ಇಳುಕಲಲ್ಲೂ ಬತ್ತದೆ. ನಮಸ್ಕಾರ ಇರ್ಬೇಕು."

ಕಾರು ಗಾಳಿಯಲ್ಲಿ ತೇಲಿದಂತೆ ಇಳಿಯಿತು. ಎರಡು ದಿನದ ವಿಮಾನ, ಮೂರು ನಿಲ್ದಾಣ, ಒಂದು ನಾಯಿ ಮೂಸಿ ನೋಡಿದ ಉಪ್ಪಿನಕಾಯಿ ಬಾಟಲಿ, ಇವೆಲ್ಲ ಆದಮೇಲೆ ಏನೋ ಗುರುತಿನದು ಸಿಕ್ಕಂತಾಗಿ ನನಗೆ ಖುಷಿಯಾಯಿತು. ಆ ಖುಷಿಯನ್ನು ದಾಖಲಿಸಬೇಕು, ಏಕೆಂದರೆ ಅದು ತಪ್ಪು ಜಾಗದಲ್ಲಿ ಹುಟ್ಟಿತ್ತು.

ಗುಡ್ಡದ ನೆತ್ತಿಯ ಮನೆ

ಅಕ್ಕನ ಮನೆ ತಲುಪಲು ರಸ್ತೆಯಿಂದ ತೊಂಬತ್ತೊಂದು ಮೆಟ್ಟಿಲು. ಮರದ ಮನೆ. ಗಾಳಿ ಬೀಸಿದಾಗ ಇಡೀ ಮನೆ ಕೀಲು ಸಡಿಲಾದ ಪೆಟ್ಟಿಗೆಯಂತೆ ಅಲುಗುತ್ತದೆ. ಗಾಳಿ ಬೀಸದ ದಿನವನ್ನು ನಾನು ಅಲ್ಲಿ ನೋಡಲಿಲ್ಲ. ಬಟ್ಟೆ ಒಣಹಾಕಿದರೆ ಪಕ್ಕದವರ ಅಂಗಳದಿಂದ ತರಬೇಕು, ಅವರೂ ನಮ್ಮಲ್ಲಿಂದ ಒಯ್ಯುತ್ತಾರೆ. ಅದರಿಂದಲೇ ಅಲ್ಲಿ ನೆರೆಹೊರೆ ಬೆಳೆಯುವುದು.

ಅಕ್ಕನಿಗೆ ಆ ತಿಂಗಳಿಡೀ ರಾತ್ರಿ ಪಾಳಿ. ಹಗಲು ಅವಳು ಮಲಗುತ್ತಾಳೆ, ನಾನು ಸದ್ದಾಗದಂತೆ ಓಡಾಡಬೇಕು. ಪುಸ್ತಕ ಹಿಡಿದರೆ ಒಂದು ಪುಟ ಓಡುತ್ತಿರಲಿಲ್ಲ. ಮೆಟ್ಟಿಲಿಳಿದು ಹೋಗುತ್ತಿದ್ದೆ, ಹತ್ತಿ ಬರುತ್ತಿದ್ದೆ, ಕಿಟಕಿಯಲ್ಲಿ ನಿಂತು ಸಮುದ್ರ ನೋಡುತ್ತಿದ್ದೆ. ನಮ್ಮ ಕಡಲು ಪಡುವಣಕ್ಕೆ ಒಂದೇ ಕಡೆ ಇರುತ್ತದೆ. ಇಲ್ಲಿ ಯಾವ ದಿಕ್ಕಿಗೆ ತಿರುಗಿದರೂ ಒಂದು ತುಂಡು ಕಡಲು. ಎತ್ತ ಮುಖ ಮಾಡಿ ಕೂರಬೇಕೆಂದೇ ತಿಳಿಯುವುದಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅಕ್ಕ ನಿದ್ದೆ ಬಿಟ್ಟು ಎದ್ದು ಅಡುಗೆಮನೆಗೆ ಬಂದಳು. ಚಾ ಮಾಡಲಿಲ್ಲ. ಸಿಂಕಿಗೆ ಒರಗಿ ನಿಂತಳು.

"ನಿಂಗೆ ಹೇಳ್ದೆ ಇದ್ರೂ ಗೊತ್ತಾಗ್ತದೆ. ಕಂಪನಿಯವ್ರು ನಿನ್ನ ಭಾವನ ಮೇಲೆ ಅನುಮಾನ ಪಡ್ತಿದ್ದಾರೆ."

"ಎಂತ ಅನುಮಾನ?"

"ಪೆಟ್ರೋಲ್ ಕದೀತಾರೆ ಅಂತ."

ಟ್ಯಾಕ್ಸಿ ಕಂಪನಿಯದು. ಪೆಟ್ರೋಲ್ ಹಾಕಿಸುವ ಕಾರ್ಡೂ ಕಂಪನಿಯದೇ. ಅದೇ ಬಗೆಯ ಕಾರು ಇನ್ನೂ ನಾಲ್ವರು ಡ್ರೈವರುಗಳ ಬಳಿ ಇತ್ತು. ಅವರಿಗೆ ನೂರು ಕಿಲೋಮೀಟರಿಗೆ ಐದೂವರೆ ಲೀಟರು ಸಾಕಾಗುತ್ತಿತ್ತು, ಭಾವನಿಗೆ ಆರೂವರೆ ಬೇಕಾಗುತ್ತಿತ್ತು. ಭಾವ ದಿನಕ್ಕೆ ಮುನ್ನೂರು ಕಿಲೋಮೀಟರು ಓಡಿಸುತ್ತಾರೆ. ದಿನಕ್ಕೆ ಮೂರು ಲೀಟರು ಎಲ್ಲಿ ಹೋಯಿತು? ಮ್ಯಾನೇಜರ್ ಕೆವಿನ್ ಈ ಪ್ರಶ್ನೆ ಕೇಳಿ ಮೂರು ವಾರ ಗಡುವು ಕೊಟ್ಟಿದ್ದ.

"ಒಂದ್ಸಲ ಕಳ್ಳ ಅಂತ ಆದ್ರೆ ಈ ಊರಲ್ಲಿ ಯಾರೂ ಚಾವಿ ಕೊಡೂದಿಲ್ಲ," ಎಂದಳು ಅಕ್ಕ. "ಅವ್ರು ಬೇರೆ ಎಂತ ಮಾಡ್ತ್ರು? ಕಲ್ತದ್ದು ಅದೊಂದೇ. ನೀ ಓದಿದವ್ಳು. ಸುಮ್ನೆ ಒಂದು ಕಣ್ಣಿಡು. ಅವ್ರಿಗೆ ಹೇಳ್ಬೇಡ."

ಗಾಜಿನ ಮೇಲಿನ ಚೀಟಿ

ಅಲ್ಲಿ ಮಾರಾಟಕ್ಕಿಟ್ಟ ಕಾರುಗಳ ಗಾಜಿಗೆ ಒಂದು ಚೀಟಿ ಅಂಟಿಸಿರಬೇಕು. ಎಷ್ಟು ನಕ್ಷತ್ರ, ನೂರು ಕಿಲೋಮೀಟರಿಗೆ ಎಷ್ಟು ಲೀಟರು. ಭಾವನ ಕಾರಿನ ಚೀಟಿಯನ್ನು ಯಾರೋ ಕಿತ್ತು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟಿದ್ದರು. ನಾಲ್ಕೂವರೆಗೂ ಕಡಿಮೆ.

ಮೊದಲಿಗೆ ನನಗೆ ಆ ಲೆಕ್ಕವೇ ತಲೆಕೆಳಗಾಗಿ ಕಂಡಿತು. ಭಟ್ಕಳದ ಬಸ್ ನಿಲ್ದಾಣದೆದುರು ಹೊಸ ಬೈಕು ನಿಂತರೆ ಜನ ಬಂದು ಕೇಳುವುದು "ಎಷ್ಟು ಕೊಡ್ತದೆ?" ಎಂದು. ಉರ್ದುವಿನಲ್ಲಿ ಕೇಳಲಿ, ಕೊಂಕಣಿಯಲ್ಲಿ ಕೇಳಲಿ, ಗಾಡಿ ಕೊಡುವಂಥದ್ದು, ಎಮ್ಮೆ ಹಾಲು ಕೊಟ್ಟ ಹಾಗೆ. ಹೆಚ್ಚು ಕೊಟ್ಟದ್ದು ಒಳ್ಳೆಯದು. ನ್ಯೂಜಿಲೆಂಡಿನವರು ಕೇಳುವುದು ನೂರು ಕಿಲೋಮೀಟರಿಗೆ ಎಷ್ಟು ಕುಡಿಯುತ್ತದೆ ಎಂದು. ಕಡಿಮೆ ಕುಡಿದದ್ದು ಒಳ್ಳೆಯದು. ಎರಡೂ ಒಂದೇ ಸಂಗತಿ. ಆದರೆ ಅವರ ಪ್ರಶ್ನೆಯಲ್ಲಿ ಮೊದಲಿನಿಂದಲೇ ಸ್ವಲ್ಪ ಅನುಮಾನವಿದೆ.

ಚೀಟಿಯ ಅಂಕಿ ಎಲ್ಲಿಂದ ಬಂತೆಂದು ಊರ ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹುಡುಕಿದೆ. ಜಪಾನಿನ ಪ್ರಯೋಗಾಲಯದಲ್ಲಿ ಕಾರಿನ ಚಕ್ರಗಳನ್ನು ಉರುಳೆಗಳ ಮೇಲಿಟ್ಟು, ನಿಗದಿಪಡಿಸಿದ ವೇಗದಲ್ಲಿ, ನಿಗದಿಪಡಿಸಿದಷ್ಟು ಹೊತ್ತು ಓಡಿಸುತ್ತಾರೆ. ಗುಡ್ಡವಿಲ್ಲ, ಎದುರು ಗಾಳಿಯಿಲ್ಲ, ಹೀಟರಿಲ್ಲ, ಅವಸರದ ಪ್ರಯಾಣಿಕನಿಲ್ಲ. ನಿಂತು ಹೊರಡುವ ಸಂದರ್ಭಗಳೇ ಜಾಸ್ತಿ. ಎಂಜಿನ್ನು ಆರಿಸಿ ನಿಲ್ಲುವ ಹೈಬ್ರಿಡ್ಡಿಗೆ ಅದು ಅನುಕೂಲ. ಹಾಗಾಗಿ ಈ ಕಾರುಗಳು ಹೆದ್ದಾರಿಗಿಂತ ಪೇಟೆಯಲ್ಲಿ ಕಡಿಮೆ ಕುಡಿಯುತ್ತವೆ, ನಮ್ಮ ಗಾಡಿಗಳಿಗೆ ತದ್ವಿರುದ್ಧ.

ಚೀಟಿ ಎಂದರೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್ ಇದ್ದ ಹಾಗೆ ಎಂದುಕೊಂಡೆ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆಯಾದ್ದರಿಂದ ಒಬ್ಬರನ್ನು ಇನ್ನೊಬ್ಬರೊಡನೆ ಹೋಲಿಸಬಹುದು. ಮುಂದೆ ಆ ಹುಡುಗಿ ಹೇಗೆ ಬದುಕುತ್ತಾಳೆಂದು ಅದರಿಂದ ಹೇಳಲಾಗದು.

ನಾಲ್ಕೂವರೆ ಐದೂವರೆಯಾದದ್ದಕ್ಕೆ ಉತ್ತರ ಸಿಕ್ಕಿತು. ಗಾಳಿ, ಗುಡ್ಡ, ಚಳಿ. ಆದರೆ ಅದೇ ಗುಡ್ಡ, ಅದೇ ಚಳಿಯಲ್ಲಿ ಭಾವನ ಐದೂವರೆ ಆರೂವರೆಯಾದದ್ದಕ್ಕೆ ಸಿಗಲಿಲ್ಲ. ಒಂದು ಸಂಜೆ ಅವರು ಸ್ನಾನಕ್ಕೆ ಹೋದಾಗ ನಾನು ಮೆಟ್ಟಿಲಿಳಿದು ಹೋಗಿ ಕಾರಿನ ಡಿಕ್ಕಿ ತೆರೆದು ನೋಡಿದೆ, ಪೆಟ್ರೋಲಿನ ಕ್ಯಾನು ಇದೆಯೇ ಎಂದು. ಒಂದು ಕೊಡೆ, ಒಂದು ಜೊತೆ ಚಪ್ಪಲಿ. ಡಿಕ್ಕಿಯನ್ನು ಸದ್ದಾಗದಂತೆ ಮುಚ್ಚಿ ಮೆಟ್ಟಿಲು ಹತ್ತಿದೆ. ಕೆವಿನ್‌ಗೂ ನನಗೂ ಏನು ವ್ಯತ್ಯಾಸ?

ಮಾರ್ಗರೆಟ್ ಅವರ ಅಡುಗೆಮನೆ ಕಿಟಕಿ

ಆರನೆಯ ದಿನ, ಮೇ ಹನ್ನೆರಡಕ್ಕೆ, ಹಾರಿಹೋದ ಟವೆಲೊಂದರ ನೆಪದಲ್ಲಿ, ಪಕ್ಕದ ಮನೆಯ ಮಾರ್ಗರೆಟ್ ಪರಿಚಯವಾದರು. ನಿವೃತ್ತ ಶಾಲಾ ಶಿಕ್ಷಕಿ, ಎಪ್ಪತ್ತು ದಾಟಿದವರು. ಅವರದೂ ಹೈಬ್ರಿಡ್ಡೇ. ಆದರೆ ಅವರ ಸ್ನೇಹಿತರೊಬ್ಬರು ಅದರ ಡಿಕ್ಕಿಯಲ್ಲಿ ಇನ್ನೊಂದು ದೊಡ್ಡ ಬ್ಯಾಟರಿ ಕೂರಿಸಿ, ಮನೆಯ ಕರೆಂಟಿನಿಂದ ತುಂಬುವಂತೆ ಮಾಡಿದ್ದರು. ಅಡುಗೆಮನೆಯ ಕಿಟಕಿಯಿಂದ ಕೇಸರಿ ಬಣ್ಣದ ವೈರು ಕಾರಿಗೆ ಇಳಿದಿತ್ತು, ದನಕ್ಕೆ ಹಗ್ಗ ಕಟ್ಟಿದಂತೆ.

ನೂರು ಕಿಲೋಮೀಟರಿಗೆ ಒಂದೂವರೆ ಲೀಟರು ಎಂದರು ಹೆಮ್ಮೆಯಿಂದ. ದಿನಕ್ಕೆ ಎಷ್ಟು ದೂರ ಹೋಗುತ್ತೀರಿ ಎಂದು ಕೇಳಿದೆ. ಈಜುಕೊಳ, ಗ್ರಂಥಾಲಯ, ಮನೆ. ಬೆಟ್ಟದಾಚೆಯ ತಂಗಿಯ ಊರಿಗೆ ಹೋದರೆ? ಆಗ ಹೊಸ ಬ್ಯಾಟರಿ ಅರ್ಧ ದಾರಿಗೆ ಮುಗಿಯುತ್ತದೆ, ಉಳಿದದ್ದು ಮಾಮೂಲಿ ಕಾರು. "ಆ ದಿನ ನಾನು ಮೀಟರು ನೋಡುವುದಿಲ್ಲ," ಎಂದು ನಕ್ಕರು. ಕಿಟಕಿಯಿಂದ ಬಂದ ಕರೆಂಟು ಆ ಒಂದೂವರೆ ಲೀಟರಿನಲ್ಲಿ ಸೇರಿದೆಯೇ ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನು ನೋಡಿ, "ನೀನೂ ಟೀಚರೇ ಇರಬೇಕು," ಎಂದರು. ತುಂಬಿಸುವ ಬಗೆ, ಓಡಿಸುವ ದೂರ ಹೇಳದೆ ಇಂಥ ಕಾರಿಗೆ ಒಂದೇ ಅಂಕಿ ಹೇಳುವುದು ಅರ್ಧ ಮಾತು.

ಸುತ್ತಾಡಿಸಿ ತರುತ್ತೇನೆಂದು ಕೂರಿಸಿಕೊಂಡರು. ಅವರ ಪರದೆ ಇಂಗ್ಲಿಷಿನಲ್ಲಿತ್ತು. ಎಂಜಿನ್ನು, ಬ್ಯಾಟರಿ, ಚಕ್ರದ ಚಿತ್ರಗಳು, ಅವುಗಳ ನಡುವೆ ಬಾಣಗಳು. ಇಳುಕಲು ಬಂತು. ಮಾರ್ಗರೆಟ್ ಕಡ್ಡಿ ಮುಟ್ಟಲಿಲ್ಲ, ಕಾಲು ತೆಗೆದು ಬ್ರೇಕನ್ನು ಮೆಲ್ಲಗೆ ಒತ್ತಿದರು ಅಷ್ಟೆ. ಒಂದು ಬಾಣ ಹಿಂದುಮುಂದಾಯಿತು. ಚಕ್ರದಿಂದ ಬ್ಯಾಟರಿಗೆ.

ಇಳಿಯುವ ಚಕ್ರಗಳು ಮೋಟಾರನ್ನು ತಿರುಗಿಸಿ ಬ್ಯಾಟರಿ ತುಂಬುತ್ತಿದ್ದವು. ನ್ಯೂಟ್ರಲ್‌ಗೆ ಹಾಕಿದರೆ ಎಂದು ಕೇಳಿದೆ. "ಯಾಕೆ ಹಾಕಬೇಕು? ಹಾಕಿದರೆ ಬ್ಯಾಟರಿ ತುಂಬುವುದಿಲ್ಲ ಎಂದು ಪರದೆ ಬೈಯುತ್ತದೆ," ಎಂದರು.

ಭಾವನ ಕಾರಿನ ಪರದೆಯಲ್ಲಿ ನಾನು ಆ ಬಾಣವನ್ನು ಆವರೆಗೆ ಕಂಡಿರಲಿಲ್ಲ. ಇಳುಕಲು ಕೊಡುವುದನ್ನೆಲ್ಲ ಅವರು ಬಿಟ್ಟು ಬರುತ್ತಿದ್ದರು. ಬುಡದಲ್ಲಿ ಬ್ಯಾಟರಿ ಖಾಲಿ, ಅದನ್ನು ತುಂಬಲು ಎಂಜಿನ್ನು ಪೆಟ್ರೋಲು ಸುಟ್ಟು ಓಡುತ್ತಿತ್ತು. ಮೂರು ಲೀಟರು ಅಲ್ಲಿತ್ತು.

ಹೇಳದೆ ಉಳಿದ ಒಂದು ವಾರ

ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ.

ಖಚಿತವಾಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಸವಾರಿ ಪ್ರಯೋಗವಲ್ಲ, ಇನ್ನೂ ನಾಲ್ಕು ಸಲ ನೋಡಬೇಕು. ನೋಡಿದೆ. ಖಚಿತವಾಯಿತು. ಆಗ ಬೇರೆ ಕಾರಣ ಸಿಕ್ಕಿತು. ಅವರು ಹನ್ನೊಂದು ವರ್ಷ ಘಾಟಿ ಇಳಿಸಿದವರು. ನನಗೆ ಸೈಕಲ್ಲು ಬಿಟ್ಟರೆ ಏನೂ ಬಾರದು. ಅವರ ಮನೆಯ ಅನ್ನ ಉಂಡು, ಅವರಿಗಿರುವ ಒಂದೇ ವಿದ್ಯೆಯನ್ನು ತಪ್ಪೆಂದು ಹೇಗೆ ಹೇಳುವುದು? ಬಾಯಿಗೆ ಬಂದ ಮಾತು ಪ್ರತಿ ಊಟದಲ್ಲೂ ಅನ್ನದ ಜೊತೆ ಒಳಗೆ ಹೋಗುತ್ತಿತ್ತು. ಮೆಟ್ಟಿಲಿಳಿಯುವುದು, ಹತ್ತುವುದು ಇನ್ನೂ ಜಾಸ್ತಿಯಾಯಿತು.

ಭಾವ ಸುಮ್ಮನಿರಲಿಲ್ಲ. ಪೆಟ್ರೋಲು ಉಳಿಸಲು ಹೀಟರು ಹಾಕುವುದನ್ನು ಬಿಟ್ಟರು. ಬೆರಳು ನೀಲಿಗಟ್ಟಿಸಿಕೊಂಡು ಮನೆಗೆ ಬರುವರು, ಅಕ್ಕ ಡ್ಯೂಟಿಗೆ ಹೊರಡುವ ಮೊದಲು ಬಿಸಿನೀರಿನ ಪಾತ್ರೆಯಲ್ಲಿ ಅವರ ಕೈ ಅದ್ದಿಸುವಳು. ಸಣ್ಣ ಇಳುಕಲಿನಲ್ಲೂ ನ್ಯೂಟ್ರಲ್ ಹಾಕತೊಡಗಿದರು. ಉಳಿಸಲು ಹೋದಷ್ಟೂ ಹೆಚ್ಚು ಸುಟ್ಟುಹೋಗುತ್ತಿತ್ತು. ಹತ್ತನೆಯ ದಿನ ಕೆವಿನ್ ಪೆಟ್ರೋಲ್ ಕಾರ್ಡು ವಾಪಸು ತೆಗೆದುಕೊಂಡ. ಅಲ್ಲಿಂದ ಮುಂದೆ ಪ್ರತಿ ಸಲ ಕಂಪನಿಯ ಒಬ್ಬರು ಪಕ್ಕದಲ್ಲಿ ನಿಂತು ಪಂಪಿನ ಅಂಕಿ ಬರೆದುಕೊಳ್ಳುತ್ತಿದ್ದರು.

"ಪೋಲೀಸ್ ಜೀಪಿನ ಹಿಂದೆ ಕೂರಿಸಿದ ಹಾಂಗಾತು," ಎಂದರು ಭಾವ, ತಟ್ಟೆ ನೋಡುತ್ತ. ನಾನೂ ನನ್ನ ತಟ್ಟೆ ನೋಡಿದೆ.

ಆಸ್ಪತ್ರೆ ಗುಡ್ಡ

ಹದಿಮೂರನೆಯ ದಿನ ಸಂಜೆ ಅಕ್ಕನನ್ನು ಆಸ್ಪತ್ರೆಗೆ ಬಿಟ್ಟು ಬರುತ್ತಿದ್ದೆವು. ಮುಂದಿನ ಸೀಟಿನಲ್ಲಿ ನಾನು. ಹೀಟರಿಲ್ಲ. ಇಳುಕಲು ಶುರುವಾಯಿತು, ಅವರ ಕೈ ಎದ್ದಿತು.

"ಭಾವ, ಇದೊಂದ್ಸಲ ಹಾಕ್ಬೇಡಿ."

"ಎಂತ?"

"ನ್ಯೂಟ್ರಲ್."

ಅವರು ನಕ್ಕರು. "ಅಕ್ಕೋರೆ, ನೀವು ಕಾಲೇಜಲ್ಲಿ ಪಾಠ ಹೇಳಿ. ಇಳುಕಲು ನಂಗೆ ಬಿಡಿ." ನಮ್ಮ ಕಡೆ ಟೀಚರನ್ನು ಅಕ್ಕೋರು ಎನ್ನುತ್ತಾರೆ. ನನ್ನನ್ನು ಅವರು ಹಾಗೆ ಕರೆಯುವುದು ಕೀಟಲೆಗೆ ಮಾತ್ರ.

ನಾನು ಒಂದೇ ಉಸಿರಿನಲ್ಲಿ ಹೇಳಿದೆ. ಚಕ್ರ, ಮೋಟಾರು, ಬ್ಯಾಟರಿ, ಮೂರು ಲೀಟರು. ಆ ಜಪಾನಿ ಸಾಲು ನಮಸ್ಕಾರವಲ್ಲ ಎಂದೂ ಹೇಳಿದೆ. ಅವರು ರಸ್ತೆ ಬದಿಗೆ ಕಾರು ನಿಲ್ಲಿಸಿದರು.

"ಹನ್ನೊಂದು ವರ್ಷ," ಎಂದರು. "ಒಬ್ಬನೂ ನಂಗೆ ಇಳಿಸೂಕೆ ಬರೂದಿಲ್ಲ ಅಂದವನಿಲ್ಲ."

"ಆ ಗಾಡಿಗೆ ಅದೇ ಸರಿ ಇತ್ತು ಭಾವ."

ಆ ಮಾತು ಪೂರ್ತಿ ನಿಜವಲ್ಲ. ಗೇರಿನಲ್ಲೇ ಇಳಿಸಿದ್ದರೂ ಟೆಂಪೊ ಹೆಚ್ಚು ಕುಡಿಯುತ್ತಿರಲಿಲ್ಲ, ಬ್ರೇಕಿಗಂತೂ ಒಳ್ಳೆಯದಿತ್ತು. ಆ ಹೊತ್ತಿಗೆ ಅಷ್ಟು ನಿಖರತೆ ಬೇಡವೆನಿಸಿತು.

ಅವರು ಪರದೆಯನ್ನೊಮ್ಮೆ ನೋಡಿದರು. ಆಮೇಲೆ ಕಾರು ಹೊರಡಿಸಿ, ಎಡಗೈಯನ್ನು ತೊಡೆಯ ಕೆಳಗಿಟ್ಟುಕೊಂಡು, ಬಲಗೈ ಒಂದರಿಂದಲೇ ಇಳಿಸಿದರು. ಪರದೆಯಲ್ಲಿ ಬಾಣ ತಿರುಗಿತು. ಬುಡ ಮುಟ್ಟುವಾಗ ಬ್ಯಾಟರಿಯ ಚಿತ್ರದಲ್ಲಿ ಎರಡು ಗೆರೆ ಹೆಚ್ಚಾಗಿತ್ತು.

"ಹೌದಲ್ಲೆ!" ಎಂದರು. "ಇನ್ನೊಂದ್ಸಲ?"

ಅದೇ ಗುಡ್ಡವನ್ನು ಮೂರು ಸಲ ಹತ್ತಿ ಇಳಿದೆವು. ಮೂರನೆಯ ಸಲ ಅವರೇ ಹೀಟರು ಹಾಕಿದರು.

ಕಂಪನಿಯ ಅಂಗಳ

ಆಮೇಲಿನ ವಾರ ಭಾವನ ಅಂಕಿ ಐದೂವರೆಗೆ ಇಳಿಯಿತು. ಮುಗಿಯಿತು ಎಂದುಕೊಂಡಿದ್ದೆ. ಆದರೆ ಕೆವಿನ್ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: "ಅಂತೂ ನೀನು ನಿಲ್ಲಿಸಿದೆ." ಪಕ್ಕದಲ್ಲಿ ಕಾವಲು ನಿಂತ ಮೇಲೆ ಪೆಟ್ರೋಲು ಉಳಿಯಿತು, ಅಂದಮೇಲೆ ಮೊದಲು ಕದ್ದದ್ದು ನಿಜ. ಯಾರಾದರೂ ಹಾಗೇ ಯೋಚಿಸುತ್ತಾರೆ.

ಭಾವ ಫೋನಿಟ್ಟು ಗೋಡೆ ನೋಡುತ್ತ ನಿಂತರು. ಕಳ್ಳನಾಗುವುದೋ, ಗಾಡಿ ಓಡಿಸಲು ಬಾರದವನಾಗುವುದೋ? ಆರಿಸಲು ಬೇರೆ ಇರಲಿಲ್ಲ. ಕಡೆಗೆ ಜಾಕೆಟ್ಟು ಹಾಕಿಕೊಂಡು, "ನೀನೂ ಬಾ. ಬ್ಯಾಟರಿ ವಿಷ್ಯ ನಂಗೆ ಇಂಗ್ಲಿಷಲ್ಲಿ ಹೇಳೂಕಾಗೂದಿಲ್ಲ," ಎಂದರು.

ಕಂಪನಿಯ ಅಂಗಳದಲ್ಲಿ ಏಳೆಂಟು ಡ್ರೈವರುಗಳು ಕಾಫಿ ಹಿಡಿದು ನಿಂತಿದ್ದರು. ಭಾವ ಅವರೆದುರೇ ಕೆವಿನ್ನನ್ನು ಪಕ್ಕದ ಸೀಟಿಗೆ ಕರೆದರು. ನಾನು ಹಿಂದೆ ಕೂತೆ. ಹತ್ತಿರದ ಗುಡ್ಡವನ್ನು ಮೊದಲು ನ್ಯೂಟ್ರಲ್‌ನಲ್ಲಿ ಇಳಿಸಿದರು, ಆಮೇಲೆ ನ್ಯೂಟ್ರಲ್ ಇಲ್ಲದೆ. "ನನ್ನ ದೇಶದಲ್ಲಿ ಉಳಿಸುವುದು ಹೀಗೆ. ನಿಮ್ಮಲ್ಲಿ ಹೀಗೆ," ಎಂದರು ತುಂಡು ಇಂಗ್ಲಿಷಿನಲ್ಲಿ. ಉಳಿದದ್ದನ್ನು ನಾನು ಹೇಳಿದೆ. ಕೆವಿನ್ ಪರದೆಯನ್ನೇ ನೋಡುತ್ತಿದ್ದ. ಹಣೆ ಉಜ್ಜಿಕೊಂಡ. ಆಮೇಲೆ ಸೀಟು ಅಲುಗುವಷ್ಟು ನಕ್ಕ.

ಅಂಗಳಕ್ಕೆ ಮರಳಿದ ಮೇಲೆ ಎಲ್ಲರಿಗೂ ಹೇಳಿ ನಗಿಸಿದ. ಭಾವನೂ ನಕ್ಕರು, ಕಿವಿ ಕೆಂಪಾಗಿತ್ತು. ಕ್ಷಮಿಸು ಎಂದು ಕೆವಿನ್ ಹೇಳಲಿಲ್ಲ. ಜೇಬಿನಿಂದ ಪೆಟ್ರೋಲ್ ಕಾರ್ಡು ತೆಗೆದು ಭಾವನ ಕೈಗಿಟ್ಟ, ಹೆಗಲು ತಟ್ಟಿದ. ಆಮೇಲೆ ಪೆಟ್ರೋಲ್ ಲೆಕ್ಕದ ಪುಸ್ತಕ ತೆರೆದು, ಯಾವ ತಾರೀಖಿನ ತನಕದ ಅಂಕಿಗಳ ಪಕ್ಕ ನ್ಯೂಟ್ರಲ್ ಎಂದು ಬರೆಯಬೇಕೆಂದು ತಿಳಿಯಲು ನನ್ನನ್ನು ಕೇಳಿದ: ಇದು ನಿಮಗೆ ಯಾವತ್ತು ಗೊತ್ತಾಯಿತು?

ನನಗೆ ತಾರೀಖುಗಳು ಸರಿಯಾಗಿ ನೆನಪಿರುತ್ತವೆ. "ಮೇ ಹನ್ನೆರಡು," ಎಂದೆ.

ಹೇಳಿದ ಮೇಲೆ ಭಾವ ನನ್ನತ್ತ ತಿರುಗಿದರು. ನಾನು ಅವರಿಗೆ ಹೇಳಿದ್ದು ಹತ್ತೊಂಬತ್ತಕ್ಕೆ. ನಡುವೆ ಏಳು ದಿನ. ನೀಲಿ ಬೆರಳು, ವಾಪಸಾದ ಕಾರ್ಡು, ಪಂಪಿನ ಪಕ್ಕ ನಿಂತ ಮನುಷ್ಯ, ಎಲ್ಲ ಆ ಏಳು ದಿನದಲ್ಲಿದ್ದವು.

ತೊಂಬತ್ತೊಂದು ಮೆಟ್ಟಿಲು

ದಾರಿಯಲ್ಲಿ ಅವರು ರೇಡಿಯೊ ಹಾಕಲಿಲ್ಲ. ಮೆಟ್ಟಿಲಿನ ಬುಡದಲ್ಲಿ ಕಾರು ನಿಲ್ಲಿಸಿ, "ಹನ್ನೆರಡಕ್ಕೇ ಗೊತ್ತಿತ್ತಾ?" ಎಂದರು.

"ಹೌದು."

"ಎಂತಕ್ಕೆ ಹೇಳ್ಲಿಲ್ಲೆ?"

"ನಿಮಗೆ ಬೇಜಾರಾಗ್ತದೆ ಅಂತ."

ಅವರು ಸ್ಟೇರಿಂಗ್ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು. "ಕಳ್ಳ ಅನ್ನಿಸ್ಕೊಂಬುದ್ಕಿಂತಾನಾ?" ಎಂದರು. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವರಿಗೆ. ನಾನು ಬೆಲ್ಟ್ ಬಿಚ್ಚಿದೆ. ಅವರು ಮೆಟ್ಟಿಲು ಹತ್ತತೊಡಗಿದರು, ನಾನು ಹಿಂದೆ.

ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಭಾವ ಕಾರ್ಡನ್ನು ಅವಳ ಮುಖದೆದುರು ಆಡಿಸಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಇಡೀ ಕಥೆ ಹೇಳಿದರು. ಕೆವಿನ್ ನಕ್ಕದ್ದನ್ನು ನಕ್ಕು ತೋರಿಸಿದರು. "ಅಕ್ಕೋರು ಕೂತಲ್ಲೇ ಕಂಡುಹಿಡಿದ್ರು ನೋಡು," ಎಂದರು.

"ಯಾವಾಗ ಗೊತ್ತಾತೆ ನಿಂಗೆ?" ಎಂದು ಅಕ್ಕ ನನ್ನನ್ನು ಕೇಳಿದಳು, ಕಣ್ಣೊರೆಸಿಕೊಳ್ಳುತ್ತ.

ನಾನು ಬಾಯಿ ತೆರೆಯುವ ಮೊದಲೇ ಭಾವ ಹೇಳಿದರು: "ಆಸ್ಪತ್ರೆ ಗುಡ್ಡ ಇಳೀವಾಗ. ಗೊತ್ತಾದ ಕೂಡ್ಲೇ ಹೇಳಿದ್ಳು."

ಅಕ್ಕ ನನ್ನನ್ನು ತಬ್ಬಿಕೊಂಡಳು. ಅವಳ ಹೆಗಲಿನಾಚೆಗೆ ನಾನು ಭಾವನನ್ನು ನೋಡಿದೆ. ಅವರು ಚಾಕ್ಕೆ ನೀರಿಡುತ್ತಿದ್ದರು.

ಇನ್ನೂ ಎಂಟು ದಿನ ಅಲ್ಲಿದ್ದೆ, ಭಾವನ ಆ ಮಾತು ಸರಿಪಡಿಸಲಿಲ್ಲ. ಊರಿಗೆ ಬಂದ ಮೇಲೆ ಪತ್ರದಲ್ಲೂ ಬರೆಯಲಿಲ್ಲ. ಅಕ್ಕ ಕನ್ನಡ ಪತ್ರಿಕೆಗಳಿಗೆ ಹಾತೊರೆಯುತ್ತಾಳೆ, ಇದು ಅಚ್ಚಾದರೆ ಒಂದು ಪ್ರತಿ ಅವಳಿಗೂ ಕಳಿಸುವೆ. ಅಕ್ಕ, ನನಗೆ ಗೊತ್ತಾದದ್ದು ಹನ್ನೆರಡಕ್ಕೆ.